ಜೋಡಿ ಗಾಜಿನ ಬಾಗಿಲು ಕಿಟಕಿ: ಲಾಕ್ ಹಟ ಮಾಡಿದರೆ ಮೊದಲು ಕದ ನೋಡಿ

ಜೋಡಿ ಗಾಜು ಕೂರಿಸಿದ ಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಬಾಗಿಲು ಮುಚ್ಚಿದ್ದೀರಿ. ಹ್ಯಾಂಡಲ್ ಮೇಲಕ್ಕೆತ್ತಿದರೆ ಅರ್ಧಕ್ಕೇ ನಿಲ್ಲುತ್ತದೆ. ಭುಜ ಕೊಟ್ಟು ಒತ್ತಿ ಹಿಡಿದರೆ ಮಾತ್ರ ಕೀ ತಿರುಗುತ್ತದೆ. ಇಂಥ ಬಾಗಿಲು ಕಂಡರೆ ಬಾಯಿಗೆ ಬರುವ ಮೊದಲ ಮಾತು, "ಲಾಕ್ ಹೋಗಿದೆ." ನಮ್ಮ ಹಿಂಬಾಗಿಲಿಗೂ ಹೀಗೇ ಆಗಿತ್ತು. ಲಾಕಿನ ಗೇರ್‌ಬಾಕ್ಸ್, ಅಂದರೆ ಹ್ಯಾಂಡಲ್ ಎತ್ತಿದಾಗ ಕೊಕ್ಕೆಗಳನ್ನು ಓಡಿಸುವ ಒಳಪೆಟ್ಟಿಗೆ, ಬದಲಾಯಿಸಿದೆ. ಒಂದು ವರ್ಷ ಚೆನ್ನಾಗಿತ್ತು, ಆಮೇಲೆ ಹೊಸದೂ ಮುರಿಯಿತು. ಎರಡನೇ ಸಲ ಟೇಪ್ ಹಿಡಿದು ಕದ ಅಳೆದಾಗ ನಿಜ ಗೊತ್ತಾಯಿತು. ಲಾಕಿನ ಕಡೆ ಕದ 4 ಮಿ.ಮೀ. ಇಳಿದಿತ್ತು. ಪ್ರತಿ ದಿನ ನಾವು ಹ್ಯಾಂಡಲ್ ಎತ್ತುವಾಗ ಇಡೀ ಕದದ ಭಾರವನ್ನು ಆ ಸಣ್ಣ ಗೇರ್‌ಬಾಕ್ಸ್ ಮೇಲೆತ್ತುತ್ತಿತ್ತು. ಅದು ಎಷ್ಟು ದಿನ ತಡೆದೀತು?

ಹಾಗಾಗಿ ಈ ಬರಹದ ಉದ್ದಕ್ಕೂ ಒಂದೇ ಕ್ರಮ ಇಟ್ಟುಕೊಂಡಿದ್ದೇನೆ. ಯಾವ ಭಾಗ ಕೂಗುತ್ತಿದೆ ಎಂದು ನೋಡುವ ಮೊದಲು, ಯಾವ ಭಾಗ ಅದನ್ನು ಹಿಂಸೆ ಮಾಡುತ್ತಿದೆ ಎಂದು ನೋಡಬೇಕು.

ಬಾಗಿಲು ತೆರೆದು ಪರೀಕ್ಷೆ ಮಾಡಿ

ಏನನ್ನೂ ಬಿಚ್ಚಬೇಡಿ. ಬಾಗಿಲು ಪೂರ್ತಿ ತೆರೆದು, ಗಾಳಿಯಲ್ಲೇ ಹ್ಯಾಂಡಲ್ ಎತ್ತಿ. ಕದದ ಅಂಚಿನಿಂದ ಕೊಕ್ಕೆಗಳು ಹೊರಬರುತ್ತವೆ. ಕೀ ತಿರುಗಿಸಿ. ಮತ್ತೆ ವಾಪಸ್ ತಿರುಗಿಸಿ, ಹ್ಯಾಂಡಲ್ ಇಳಿಸಿ. ನಾಲ್ಕೈದು ಸಲ ಮಾಡಿ.

ತೆರೆದಾಗ ಬೆಣ್ಣೆಯಂತೆ ಓಡಿ, ಮುಚ್ಚಿದಾಗ ಮಾತ್ರ ಬಿಗಿಯಾದರೆ ಲಾಕ್ ಆರೋಗ್ಯವಾಗಿದೆ. ಕದ ಮತ್ತು ಚೌಕಟ್ಟಿನ ಜೋಡಣೆ ತಪ್ಪಿದೆ, ಅಷ್ಟೆ. ತೆರೆದಾಗಲೂ ಬಿಗಿ, ಕರಕರ ಸದ್ದು, ಅಥವಾ ಹ್ಯಾಂಡಲ್ ಸುಮ್ನೆ ಸಡಿಲವಾಗಿ ಓಡಾಡುವುದು ಇದ್ದರೆ ಆಗ ಲಾಕಿನ ಒಳಗೆ ನೋಡಬೇಕು. ಈ ಒಂದು ನಿಮಿಷದ ಪರೀಕ್ಷೆಯನ್ನು ನಾನು ಮೊದಲ ಸಲ ಮಾಡಿದ್ದರೆ ಒಂದು ಗೇರ್‌ಬಾಕ್ಸ್ ಉಳಿಯುತ್ತಿತ್ತು.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ತೊಂದರೆ ಇಡೀ ದಿನ ಇರುತ್ತದಾ, ಇಲ್ಲ ಮಧ್ಯಾಹ್ನ ಮಾತ್ರವಾ? ಪಿವಿಸಿ ಬಿಸಿಗೆ ಚೆನ್ನಾಗಿ ಹಿಗ್ಗುವ ವಸ್ತು. 1 ಮೀಟರ್ ಉದ್ದಕ್ಕೆ, ಪ್ರತಿ 1 ಡಿಗ್ರಿಗೆ ಸುಮಾರು 0.07 ಮಿ.ಮೀ. ಹಿಗ್ಗುತ್ತದೆ. 2 ಮೀಟರ್ ಎತ್ತರದ ಕದ 30 ಡಿಗ್ರಿ ಜಾಸ್ತಿ ಬಿಸಿಯಾದರೆ ಲೆಕ್ಕಕ್ಕೆ 4 ಮಿ.ಮೀ. ಬೆಳೆಯಬೇಕು. ಒಳಗಿನ ಉಕ್ಕಿನ ಸರಳು ಸ್ವಲ್ಪ ತಡೆಯುತ್ತದೆ, ಆದರೂ ಕದ ಬಿಸಿಲಿನ ಕಡೆಗೆ ಬಿಲ್ಲಿನಂತೆ ಬಾಗುವುದುಂಟು. ಗಾಢ ಬಣ್ಣದ ಬಾಗಿಲಿಗೆ ಇದು ಇನ್ನೂ ಜಾಸ್ತಿ. ಬಿಸಿಲಲ್ಲಿ ಬಿಗಿಯಾಗಿ ರಾತ್ರಿ ಸಡಿಲವಾಗುವ ಬಾಗಿಲನ್ನು ಮಧ್ಯಾಹ್ನದ ಹೊತ್ತಿಗೆ ಹೊಂದಿಸಿದರೆ ರಾತ್ರಿ ಗಾಳಿ ನುಗ್ಗುತ್ತದೆ. ಬೆಳಿಗ್ಗೆ ತಂಪಿರುವಾಗ ಹೊಂದಿಸಿ. ಬಿಸಿಲಿಗೆ ಹಿಗ್ಗಲು ಅಂಚಿನ ಸುತ್ತ ಒಂದಿಷ್ಟು ಜಾಗ ಬಿಡಿ.

ಕದ ಎಲ್ಲಿ ಇಳಿದಿದೆ?

ಬಾಗಿಲು ಮುಚ್ಚಿ, ಕದಕ್ಕೂ ಚೌಕಟ್ಟಿಗೂ ನಡುವಿನ ಸಂದು ನೋಡಿ. ಸುತ್ತ ಒಂದೇ ಅಗಲ ಇರಬೇಕು. ಲಾಕಿನ ಕಡೆಯ ಮೇಲಿನ ಮೂಲೆಯಲ್ಲಿ ಸಂದು ಅಗಲವಾಗಿ, ಅದೇ ಕಡೆಯ ಕೆಳಮೂಲೆ ಹೊಸ್ತಿಲಿಗೆ ಉಜ್ಜುತ್ತಿದ್ದರೆ ಕದ ಜೋತುಬಿದ್ದಿದೆ.

ಚೌಕಟ್ಟಿನಲ್ಲಿ ಕೊಕ್ಕೆ ಹೋಗಿ ಕೂರುವ ಲೋಹದ ಮನೆಗಳನ್ನೂ ನೋಡಿ. ಒಂದೇ ಬದಿ ಸವೆದು ಹೊಳೆಯುತ್ತಿದ್ದರೆ ಕೊಕ್ಕೆ ಅಲ್ಲಿ ತಾಗುತ್ತಿದೆ. ಗುರುತು ಸಿಗದಿದ್ದರೆ ಕೊಕ್ಕೆಯ ತುದಿಗೆ ಮಾರ್ಕರ್ ಶಾಯಿ ಹಚ್ಚಿ, ಒಣಗುವ ಮೊದಲು ಬಾಗಿಲು ಹಾಕಿ ಹ್ಯಾಂಡಲ್ ಎತ್ತಿ. ಶಾಯಿ ಎಲ್ಲಿ ಮೆತ್ತಿದೆಯೋ ಅಲ್ಲೇ ಜಗಳ.

ಈಗ ಕಾರಣ ಹುಡುಕಬೇಕು. ಇಳಿದ ಕದಕ್ಕೆ ಎರಡು ಬೇರೆ ಕಾರಣಗಳಿರಬಹುದು, ಎರಡಕ್ಕೂ ಮದ್ದು ಬೇರೆ.

ಬಾಗಿಲು ಅರ್ಧ ತೆರೆದು, ಹ್ಯಾಂಡಲ್ ಇರುವ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ. ಹಿಂಜ್‌ಗಳ ಹತ್ತಿರ ಟಕ್ ಎಂದು ಆಟ ಕಂಡರೆ ಹಿಂಜ್ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ಅದರ ಪಿನ್ನು ಓಡಾಡುವ ಪ್ಲಾಸ್ಟಿಕ್ ಬುಷ್ ಸವೆದಿದೆ. ಆಟವೇ ಇಲ್ಲ, ಆದರೂ ಕದ ಇಳಿದಿದೆ ಎಂದಾದರೆ ಕದದ ಎರಡೂ ಕರ್ಣಗಳನ್ನು ಟೇಪಿನಲ್ಲಿ ಅಳೆಯಿರಿ. ಮೂಲೆಯಿಂದ ಎದುರು ಮೂಲೆಗೆ. ಎರಡೂ ಸಮ ಇದ್ದರೆ ಕದ ಚೌಕವಾಗಿಯೇ ಇದೆ, ಹಿಂಜ್ ಹೊಂದಿಸಿದರೆ ಸಾಕು. ವ್ಯತ್ಯಾಸ ಬಂದರೆ ಕದವೇ ವಾಲಿದೆ. ಆಗ ಹಿಂಜ್ ತಿರುಗಿಸಿ ಸುಧಾರಿಸಲು ಹೋಗಬೇಡಿ, ಗಾಜಿನ ಪ್ಯಾಕರ್ (ಗಾಜಿಗೂ ಕದಕ್ಕೂ ನಡುವೆ ತೂರಿಸುವ ಪ್ಲಾಸ್ಟಿಕ್ ತುಂಡು) ನೋಡಬೇಕು.

ಹಿಂಜ್ ಹೊಂದಿಸುವುದು ಕಷ್ಟದ ಕೆಲಸವಲ್ಲ, ನಿಧಾನದ ಕೆಲಸ. ಈಗಿನ ಬಾಗಿಲುಗಳ ಹಿಂಜ್‌ನಲ್ಲಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಮುಚ್ಚಳದ ಕೆಳಗೆ ಅಲೆನ್ ಸ್ಕ್ರೂಗಳು (ತಲೆಯಲ್ಲಿ ಆರು ಮೂಲೆಯ ಗುಳಿ ಇರುವಂಥವು) ಇರುತ್ತವೆ. ಒಂದು ಕದವನ್ನು ಎಡಬಲಕ್ಕೆ ಸರಿಸುತ್ತದೆ, ಒಂದು ಮೇಲೆ ಕೆಳಗೆ, ಕೆಲವದರಲ್ಲಿ ಇನ್ನೊಂದು ರಬ್ಬರ್ ಪಟ್ಟಿಯ ಮೇಲಿನ ಒತ್ತಡವನ್ನು ಹೊಂದಿಸುತ್ತದೆ. ಶುರು ಮಾಡುವ ಮೊದಲು ಫೋಟೋ ತೆಗೆದುಕೊಳ್ಳಿ. ಕದದ ಕೆಳಗೆ ಮರದ ಬೆಣೆ ಕೊಡಿ, ಭಾರ ಅದರ ಮೇಲೆ ಬರಲಿ. ಲಾಕಿನ ಕಡೆ ಇಳಿದಿದ್ದರೆ ಮೇಲಿನ ಹಿಂಜ್ ಅನ್ನು ಹಿಂಜ್ ಕಡೆಯ ಚೌಕಟ್ಟಿಗೆ ಸ್ವಲ್ಪ ಹತ್ತಿರ ಎಳೆಯಿರಿ. ಮೇಲೆ ಎಳೆದಾಗ ಆಚೆ ತುದಿ ತಾನೇ ಏಳುತ್ತದೆ. ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ. ಮುಚ್ಚಿ ನೋಡಿ, ಮತ್ತೆ ಅರ್ಧ ಸುತ್ತು. ನಡುವಿನ ಹಿಂಜ್ ಮರೆಯಬೇಡಿ, ಅದು ಮೇಲಿನದಕ್ಕೂ ಕೆಳಗಿನದಕ್ಕೂ ಒಂದೇ ಗೆರೆಯಲ್ಲಿ ಬರಬೇಕು. ಇಲ್ಲದಿದ್ದರೆ ಮೂರೂ ಒಂದಕ್ಕೊಂದು ಹೊಡೆದಾಡಿ ಬೇಗ ಸವೆಯುತ್ತವೆ.

ಒತ್ತಡ ಸರಿಯಿದೆಯೇ ಎಂದು ನೋಡಲು ಒಂದು ಕಾಗದದ ಪಟ್ಟಿ ಸಾಕು. ಕದ ಮತ್ತು ರಬ್ಬರ್ ಪಟ್ಟಿಯ ನಡುವೆ ಇಟ್ಟು, ಬಾಗಿಲು ಲಾಕ್ ಮಾಡಿ, ಎಳೆಯಿರಿ. ಸ್ವಲ್ಪ ತಡೆದು ಬರಬೇಕು. ಸುತ್ತಲೂ ಹತ್ತು ಕಡೆ ನೋಡಿ. ಒಂದು ಕಡೆ ಜಾರಿಕೊಂಡು ಬಂದು ಇನ್ನೊಂದು ಕಡೆ ಹರಿದುಹೋದರೆ ಒತ್ತಡ ಸಮವಿಲ್ಲ.

ಚೌಕಟ್ಟಿನ ಕೊಕ್ಕೆಮನೆಗಳನ್ನೂ ಒಂದೆರಡು ಮಿಲಿಮೀಟರ್ ಸರಿಸಬಹುದು. ಆದರೆ ಅದು ಕೊನೆಯ ಹೆಜ್ಜೆ. ಜೋತುಬಿದ್ದ ಕದಕ್ಕೆ ತಕ್ಕಂತೆ ಕೊಕ್ಕೆಮನೆ ಇಳಿಸಿದರೆ ಇವತ್ತು ಲಾಕ್ ಆಗುತ್ತದೆ, ಕದ ಮಾತ್ರ ಇಳಿಯುತ್ತಲೇ ಇರುತ್ತದೆ. ಕೊಕ್ಕೆಮನೆಯನ್ನು ಫೈಲ್‌ನಿಂದ ಉಜ್ಜಿ ಅಗಲ ಮಾಡುವುದಂತೂ ಬೇಡವೇ ಬೇಡ.

ಗಾಜೇ ಕದದ ಬೆನ್ನೆಲುಬು

ಬಾಗಿಲು ರಿಪೇರಿಗೆ ಇಳಿದವರು ಸಾಮಾನ್ಯವಾಗಿ ಬಿಟ್ಟುಬಿಡುವ ವಿಷಯ ಇದು. ನಾನೂ ಬಿಟ್ಟಿದ್ದೆ.

ಗಾಜು 1 ಚದರ ಮೀಟರಿಗೆ, 1 ಮಿ.ಮೀ. ದಪ್ಪಕ್ಕೆ 2.5 ಕಿಲೋ ತೂಗುತ್ತದೆ. 4 ಮಿ.ಮೀ. ಗಾಜು ಎರಡು ಎಂದರೆ ಚದರ ಮೀಟರಿಗೆ 20 ಕಿಲೋ. ದೊಡ್ಡ ಬಾಗಿಲಿನಲ್ಲಿ ಇದು ಸುಲಭವಾಗಿ 30 ಕಿಲೋ ದಾಟುತ್ತದೆ. ಇಷ್ಟು ಭಾರವನ್ನು ಪ್ಲಾಸ್ಟಿಕ್ ಚೌಕಟ್ಟಿನ ಮೂಲೆಯ ಬೆಸುಗೆಗಳಷ್ಟೇ ಹೊರಲಾರವು. ಅದಕ್ಕೇ ಗಾಜನ್ನು ಕದದೊಳಗೆ ಕರ್ಣದ ಗೆರೆಯಲ್ಲಿ ಬಿಗಿದು ಕೂರಿಸುತ್ತಾರೆ. ಹಿಂಜ್ ಕಡೆಯ ಕೆಳಮೂಲೆಯಲ್ಲಿ ಒಂದು ಪ್ಯಾಕರ್, ಲಾಕ್ ಕಡೆಯ ಮೇಲ್ಮೂಲೆಯಲ್ಲಿ ಇನ್ನೊಂದು. ಈ ಎರಡರ ನಡುವೆ ಗಾಜು ಓರೆ ಕಂಬದಂತೆ ನಿಂತು ಲಾಕಿನ ಕಡೆಯನ್ನು ಎತ್ತಿ ಹಿಡಿಯುತ್ತದೆ. ಹಳ್ಳಿಯ ಹಲಗೆ ಗೇಟಿಗೆ ಓರೆಪಟ್ಟಿ ಹೊಡೆಯುತ್ತಾರಲ್ಲ, ಅದೇ ಕೆಲಸ.

ಪ್ಯಾಕರ್ ಜಾರಿದರೆ, ಅಥವಾ ಕೂರಿಸಿದವರು ಹಾಕದೇ ಬಿಟ್ಟಿದ್ದರೆ, ಕದ ನಿಧಾನವಾಗಿ ವಾಲುತ್ತದೆ. ನಮ್ಮ ಬಾಗಿಲಿನಲ್ಲಿ ಮೇಲ್ಮೂಲೆಯ ಪ್ಯಾಕರ್ ಕಳಚಿ ಕೆಳಗೆ ಬಿದ್ದಿತ್ತು.

ಸರಿಮಾಡಲು ಗಾಜಿನ ಸುತ್ತಲಿನ ಬೀಡಿಂಗ್ ಪಟ್ಟಿ ಬಿಚ್ಚಬೇಕು. ಇಬ್ಬರು ಬೇಕೇ ಬೇಕು. ಕೈಗವಸು ಹಾಕಿ. ಉದ್ದದ ಪಟ್ಟಿಯ ನಡುವಿನಿಂದ ಶುರು ಮಾಡಿ. ಅಗಲವಾದ ಪುಟ್ಟಿ ಚಾಕುವನ್ನು ಪಟ್ಟಿಗೂ ಚೌಕಟ್ಟಿಗೂ ನಡುವೆ ತೂರಿಸಿ, ಪಟ್ಟಿಯನ್ನು ಗಾಜಿನ ಕಡೆಗೆ ಮೀಟಿ. ನಡು ಬಾಗಿ ಎದ್ದರೆ ತುದಿಗಳು ತಾವೇ ಬರುತ್ತವೆ. ಯಾವ ಪಟ್ಟಿ ಎಲ್ಲಿಯದು ಎಂದು ಹಿಂದೆ ಬರೆದಿಡಿ. ಮೊದಲ ಪಟ್ಟಿ ಬಿಚ್ಚಿದ ಕ್ಷಣದಿಂದ ಒಬ್ಬರು ಗಾಜಿನಿಂದ ಕೈ ತೆಗೆಯಬಾರದು.

ಗಾಜನ್ನು ಪೂರ್ತಿ ಹೊರಗೆ ತೆಗೆಯುವ ಅಗತ್ಯ ಇಲ್ಲ. ಕದದ ಲಾಕ್ ಕಡೆಯ ಕೆಳಗೆ ಬೆಣೆ ಕೊಟ್ಟು, ಸಂದು ಸುತ್ತ ಸಮ ಆಗುವಷ್ಟು ಎತ್ತಿ. ಕೆಳಮೂಲೆಯ ಪ್ಯಾಕರ್ ಸರಿಯಿದೆಯಾ ನೋಡಿ. ಆಮೇಲೆ ಮೇಲ್ಮೂಲೆಯ ಸಂದಿನಲ್ಲಿ ಬಿಗಿಯಾಗಿ ಕೂರುವ ದಪ್ಪದ ಪ್ಯಾಕರ್ ತಳ್ಳಿ. 1 ಮಿ.ಮೀ.ನಿಂದ ಶುರುವಾಗಿ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತವೆ, ದಪ್ಪಕ್ಕೆ ತಕ್ಕ ಬಣ್ಣ ಇರುತ್ತದೆ. ಬೆಣೆ ತೆಗೆದಾಗ ಕದ ಅಲ್ಲೇ ನಿಲ್ಲಬೇಕು. ಸ್ವಲ್ಪ ಇಳಿದರೆ ಇನ್ನೊಂದು ತೆಳು ಪ್ಯಾಕರ್ ಸೇರಿಸಿ.

ಪ್ಯಾಕರ್ ಎರಡೂ ಗಾಜುಗಳ ಕೆಳಗೆ ಬರುವಷ್ಟು ಅಗಲ ಇರಲಿ. ಒಂದೇ ಗಾಜು ಭಾರ ಹೊತ್ತು ಇನ್ನೊಂದು ನೇತಾಡಿದರೆ ಎರಡರ ನಡುವಿನ ಸೀಲ್ ಎಳೆದುಹೋಗುತ್ತದೆ. ಆಮೇಲೆ ಗಾಜಿನ ಒಳಗೆ ಮಂಜು ಕಟ್ಟುತ್ತದೆ, ಅದನ್ನು ಒರೆಸಲು ಯಾವ ಬಟ್ಟೆಯೂ ತಲುಪುವುದಿಲ್ಲ. ಕೆಳಗಿನ ನೀರು ಹೋಗುವ ತೂತುಗಳನ್ನು ಪ್ಯಾಕರ್ ಮುಚ್ಚದಂತೆಯೂ ನೋಡಿಕೊಳ್ಳಿ. ಪಟ್ಟಿ ವಾಪಸ್ ಹಾಕುವಾಗ ಗಿಡ್ಡವು ಮೊದಲು, ಉದ್ದವು ಕೊನೆಗೆ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಲಾಕ್ ನಿಜವಾಗಿಯೂ ಹೋಗಿದ್ದರೆ

ತೆರೆದಾಗಲೂ ಕೆಲಸ ಮಾಡದ ಲಾಕಿನಲ್ಲಿ ಸಿಲಿಂಡರ್, ಹ್ಯಾಂಡಲ್, ಗೇರ್‌ಬಾಕ್ಸ್ ಮೂರನ್ನೂ ಬೇರೆ ಮಾಡಿ ನೋಡಬೇಕು. ಇದೇ ಕ್ರಮದಲ್ಲಿ ಬಿಚ್ಚಿದರೆ ಸುಲಭ.

ಸಿಲಿಂಡರ್ ಎಂದರೆ ಕೀ ಹಾಕುವ ಭಾಗ. ಮೊದಲು ಬಳಸದೇ ಇಟ್ಟಿರುವ ಇನ್ನೊಂದು ಕೀ ಹಾಕಿ ನೋಡಿ, ಸವೆದ ಕೀ ಒಳ್ಳೆಯ ಸಿಲಿಂಡರನ್ನೂ ಕೆಟ್ಟದ್ದು ಅನ್ನಿಸುತ್ತದೆ. ಆಮೇಲೆ ಹ್ಯಾಂಡಲ್ ಪ್ಲೇಟಿನ ಎರಡು ಸ್ಕ್ರೂಗಳನ್ನು ಅರ್ಧ ಸುತ್ತು ಸಡಿಲಿಸಿ. ಕೀ ಥಟ್ಟನೆ ಸಲೀಸಾದರೆ ದೋಷ ಏನೂ ಇಲ್ಲ, ಪ್ಲೇಟ್ ಜಾಸ್ತಿ ಬಿಗಿಯಾಗಿ ಸಿಲಿಂಡರನ್ನು ಹಿಂಡುತ್ತಿತ್ತು. ಅದರಿಂದಲೂ ಆಗದಿದ್ದರೆ ಕದದ ಅಂಚಿನಲ್ಲಿ ಕೀ ಮಟ್ಟಕ್ಕಿರುವ ಉದ್ದನೆಯ ಸ್ಕ್ರೂ ಬಿಚ್ಚಿ. ಕೀ ಹಾಕಿ ಸ್ವಲ್ಪ ತಿರುಗಿಸುತ್ತಾ ಎಳೆಯಿರಿ. ಸಿಲಿಂಡರ್ ನಡುವಿನ ನಾಲಿಗೆ ದೇಹದ ಜೊತೆ ಒಂದೇ ಗೆರೆಗೆ ಬಂದಾಗ ಹೊರಬರುತ್ತದೆ. ಕೈಯಲ್ಲಿ ಹಿಡಿದಾಗಲೂ ಕೀ ತಡೆದರೆ ಸಿಲಿಂಡರ್ ಬದಲಾಯಿಸಿ. ಕೈಯಲ್ಲಿ ಸಲೀಸಾಗಿದ್ದರೆ ತೊಂದರೆ ಮುಂದಿದೆ.

ಹೊಸ ಸಿಲಿಂಡರಿಗೆ ಅಳತೆ ತೆಗೆಯುವಾಗ ಒಟ್ಟು ಉದ್ದ ಸಾಲದು. ಸ್ಕ್ರೂ ತೂತಿನ ನಡುವಿನಿಂದ ಒಳತುದಿಗೆ ಎಷ್ಟು, ಹೊರತುದಿಗೆ ಎಷ್ಟು ಎಂದು ಬೇರೆ ಬೇರೆ ಅಳೆಯಿರಿ. 35/45, 40/50 ಹೀಗೆ ಬರುತ್ತದೆ. ಹೊರಗಡೆ ಪ್ಲೇಟಿಗಿಂತ 3 ಮಿ.ಮೀ.ಗಿಂತ ಜಾಸ್ತಿ ಚಾಚಿಕೊಂಡಿರಬಾರದು. ಚಾಚಿದ್ದನ್ನು ಇಕ್ಕಳದಲ್ಲಿ ಹಿಡಿದು ಮುರಿಯುವುದು ಕಳ್ಳರಿಗೆ ಸುಲಭ.

ಹ್ಯಾಂಡಲ್ ಜೋತುಬಿದ್ದು ತಾನಾಗಿ ಮೇಲೇಳದಿದ್ದರೆ ಸ್ಪ್ರಿಂಗ್ ಮುರಿದಿದೆ. ಸ್ಪ್ರಿಂಗ್ ಹ್ಯಾಂಡಲ್ ಒಳಗಿರಬಹುದು, ಗೇರ್‌ಬಾಕ್ಸ್ ಒಳಗಿರಬಹುದು. ಹ್ಯಾಂಡಲ್ ಬಿಚ್ಚಿ ಕೈಯಲ್ಲಿ ತಿರುಗಿಸಿ ಬಿಟ್ಟರೆ ತಿಳಿಯುತ್ತದೆ. ಹೊಸದು ತರುವಾಗ ಎರಡು ಅಳತೆ ಮುಖ್ಯ. ಹ್ಯಾಂಡಲಿನ ಚೌಕ ಸರಳಿನ ನಡುವಿನಿಂದ ಕೀ ತೂತಿನ ದುಂಡು ಭಾಗದ ನಡುವಿಗೆ ಇರುವ ದೂರ, ಇದು ಬಹಳ ಬಾಗಿಲುಗಳಲ್ಲಿ 92 ಮಿ.ಮೀ. ಇರುತ್ತದೆ. ಇನ್ನೊಂದು ಪ್ಲೇಟಿನ ಎರಡು ಸ್ಕ್ರೂಗಳ ನಡುವಿನ ದೂರ. ನೋಡಲು ಒಂದೇ ತರಹ ಇರುವ ಹ್ಯಾಂಡಲ್‌ಗಳು ಈ ಎರಡರಲ್ಲೇ ಬೇರೆಯಾಗುತ್ತವೆ.

ಇವೆರಡೂ ಸರಿಯಿದ್ದರೆ ಉಳಿದದ್ದು ಗೇರ್‌ಬಾಕ್ಸ್. ಕದದ ಅಂಚಿನ ಉದ್ದ ಪಟ್ಟಿಯ ಸ್ಕ್ರೂಗಳನ್ನು ಬಿಚ್ಚಿ ಇಡೀ ಪಟ್ಟಿಯನ್ನು ಮೆಲ್ಲಗೆ ಹೊರಗೆಳೆಯಿರಿ. ನಡುವಿನ ಪೆಟ್ಟಿಗೆಯೇ ಗೇರ್‌ಬಾಕ್ಸ್. ಅಲ್ಲಾಡಿಸಿದರೆ ಒಳಗೆ ಮುರಿದ ಚೂರು ಸದ್ದು ಮಾಡುವುದುಂಟು. ಬಹಳಷ್ಟು ಲಾಕ್‌ಗಳಲ್ಲಿ ಪೆಟ್ಟಿಗೆ ಮಾತ್ರ ಬದಲಾಯಿಸಬಹುದು, ಇಡೀ ಪಟ್ಟಿ ಕೊಳ್ಳುವ ಅಗತ್ಯವಿಲ್ಲ. ಪಟ್ಟಿಯ ಮೇಲೆ ತಯಾರಕರ ಗುರುತು ಒತ್ತಿರುತ್ತದೆ. ಅದರ ಜೊತೆಗೆ ಆ 92ರ ಅಳತೆ, ಪಟ್ಟಿಯ ಹೊರಮುಖದಿಂದ ಸರಳಿನ ನಡುವಿಗೆ ಇರುವ ದೂರ, ಪಟ್ಟಿಯ ಅಗಲ ಇಷ್ಟನ್ನೂ ಬರೆದುಕೊಳ್ಳಿ. ಹಳೆಯ ಪೆಟ್ಟಿಗೆಯನ್ನೇ ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು.

ಕಿಟಕಿಗಳು

ಕಿಟಕಿಯಲ್ಲೂ ಅದೇ ತರ್ಕ. ಹ್ಯಾಂಡಲ್ ತಿರುಗುತ್ತದೆ, ಆದರೆ ಅಂಚಿನ ಅಣಬೆಯಾಕಾರದ ಗುಬ್ಬಿಗಳು ಅಲುಗುವುದಿಲ್ಲ ಅಂದುಕೊಳ್ಳಿ. ಹ್ಯಾಂಡಲ್ ಬುಡದ ಮುಚ್ಚಳ ಸರಿಸಿ ಎರಡು ಸ್ಕ್ರೂ ಬಿಚ್ಚಿ. ಹಿಂದಿನ ಚೌಕ ಸರಳು ಸಾಮಾನ್ಯವಾಗಿ 7 ಮಿ.ಮೀ. ಇರುತ್ತದೆ. ಅದರ ಮೂಲೆಗಳು ಸವೆದು ದುಂಡಗಾಗಿವೆಯಾ ನೋಡಿ. ಬಿಚ್ಚಿದ ಹ್ಯಾಂಡಲನ್ನು ಬದಿಗಿಟ್ಟು, ಅದೇ ಅಳತೆಯ ಒಂದು ಒಳ್ಳೆಯ ಸರಳನ್ನು ತೂತಿಗೆ ಹಾಕಿ ಇಕ್ಕಳದಿಂದ ತಿರುಗಿಸಿ. ಗುಬ್ಬಿಗಳು ಓಡಿದರೆ ಹೊಸ ಹ್ಯಾಂಡಲ್ ಸಾಕು. ಓಡದಿದ್ದರೆ ಒಳಗಿನ ಗೇರ್ ಪಟ್ಟಿ ಹೋಗಿದೆ. ಹೊಸ ಹ್ಯಾಂಡಲಿನ ಸರಳು ಹಳೆಯದಷ್ಟೇ ಉದ್ದ ಇರಲಿ. ಗಿಡ್ಡವಾದರೆ ಗೇರನ್ನು ತುದಿಯಲ್ಲಷ್ಟೇ ಹಿಡಿದು ಕೆಲವೇ ತಿಂಗಳಲ್ಲಿ ಸವೆಸುತ್ತದೆ.

ಹೊರಕ್ಕೆ ತೆರೆಯುವ ಕಿಟಕಿಗಳ ಹಿಂಜ್ ಬೇರೆಯೇ ಜಾತಿ. ಚೌಕಟ್ಟಿನೊಳಗೆ ಒಂದು ಹಳಿ, ಅದರಲ್ಲಿ ಜಾರುವ ಒಂದು ಕಟ್ಟು, ಅದಕ್ಕೆ ಜೋಡಿಸಿದ ತೋಳುಗಳು. ತೊಂದರೆ ಮೂರು ತರಹ ಕಾಣಿಸುತ್ತದೆ. ತೆರೆದ ಕಿಟಕಿ ಗಾಳಿಗೆ ತಾನೇ ಬಡಿದುಕೊಂಡರೆ, ಜಾರುವ ಕಟ್ಟಿನ ಸಣ್ಣ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ. ಲಾಕ್ ಆಗಿದ್ದರೂ ಹಿಂಜ್ ಕಡೆಯಿಂದ ಗಾಳಿ ಬಂದರೆ ತೋಳು ಬಾಗಿದೆ ಅಥವಾ ಸವೆದಿದೆ. ಮುಚ್ಚುವಾಗ ಮೂಲೆ ಚೌಕಟ್ಟಿಗೆ ತಾಗಿದರೆ ಕೂಡಲೇ ಹಿಂಜ್ ದೂರಬೇಡಿ, ಮೊದಲು ಹಳಿಯಲ್ಲಿ ನೋಡಿ. ಮಣ್ಣು, ಸತ್ತ ಹುಳ, ಗಾರೆಯ ಚೂರು ತುಂಬಿಕೊಂಡು ಕಟ್ಟು ಕೊನೆಯವರೆಗೆ ಹೋಗಲಾಗದೆ ನಿಂತಿರುತ್ತದೆ. ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಎಷ್ಟೋ ಕಿಟಕಿಗಳನ್ನು ಉಳಿಸುತ್ತದೆ.

ಬಾಗಿದ ತೋಳನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡಬೇಡಿ, ಅದು ಮತ್ತೆ ಬಾಗುತ್ತದೆ. ಜೋಡಿಯಾಗಿ ಬದಲಾಯಿಸಿ. ಹಳಿಯ ಉದ್ದ ಅಳೆಯಿರಿ. ಹಿಂಜ್ ಮಡಚಿದಾಗಿನ ದಪ್ಪವನ್ನೂ ಅಳೆಯಿರಿ, ಅದು ಹೆಚ್ಚಾಗಿ 13 ಅಥವಾ 17 ಮಿ.ಮೀ. ಇರುತ್ತದೆ. ಇದನ್ನು ಮರೆತು ತಪ್ಪು ದಪ್ಪದ್ದು ಹಾಕಿದರೆ ಕಿಟಕಿ ಮುಚ್ಚುವುದೇ ಇಲ್ಲ. ಪಕ್ಕಕ್ಕೆ ತೆರೆಯುವ ಕಿಟಕಿಗೂ ಮೇಲಿಂದ ತೂಗುವ ಕಿಟಕಿಗೂ ಹಿಂಜ್ ಬೇರೆ. ಸ್ಕ್ರೂ ಹಿಡಿಯದೆ ತೂತು ಅಗಲವಾಗಿದ್ದರೆ ಸ್ವಲ್ಪ ದಪ್ಪನೆಯ ಸ್ಟೇನ್‌ಲೆಸ್ ಸ್ಕ್ರೂ ಬಳಸಿ.

ಮಹಡಿಯ ಕಿಟಕಿಯ ಹಿಂಜ್ ಬಿಚ್ಚುವಾಗ ದಯವಿಟ್ಟು ಒಬ್ಬರೇ ಮಾಡಬೇಡಿ. ಕೊನೆಯ ಸ್ಕ್ರೂ ಬಂದಾಗ ಇಡೀ ಭಾರ ಹೊರಗಡೆ ನಿಮ್ಮ ಒಂದು ಕೈ ಮೇಲೆ ಬರುತ್ತದೆ. ಕೆಳಗೆ ಯಾರಾದರೂ ನಡೆದು ಹೋಗುತ್ತಿರಬಹುದು.

ಮೇಲಿಂದ ಒಳಕ್ಕೆ ವಾಲುವ, ಪಕ್ಕಕ್ಕೂ ತೆರೆಯುವ ಎರಡು ನಮೂನೆಯ ಕಿಟಕಿ ಇದ್ದರೆ ಒಂದು ದಿನ ಅದು ಒಂದೇ ಕೆಳಮೂಲೆಯಲ್ಲಿ ನೇತಾಡಿ ಹೆದರಿಸಬಹುದು. ಮುರಿದಿಲ್ಲ. ತೆರೆದಿದ್ದಾಗ ಹ್ಯಾಂಡಲ್ ಮೇಲಕ್ಕೆ ತಿರುಗಿ ಮೇಲಿನ ತೋಳು ಬಿಟ್ಟುಕೊಂಡಿದೆ, ಅಷ್ಟೆ. ಹಿಂಜ್ ಕಡೆಯ ಮೇಲ್ಮೂಲೆಯನ್ನು ಚೌಕಟ್ಟಿಗೆ ಒತ್ತಿ ಹಿಡಿಯಿರಿ. ಕದದ ಅಂಚಿನಲ್ಲಿ ಹ್ಯಾಂಡಲಿನ ಹತ್ತಿರ ಇರುವ ಸಣ್ಣ ತಡೆಗುಂಡಿ ಒತ್ತಿಕೊಂಡು ಹ್ಯಾಂಡಲನ್ನು ಅಡ್ಡಕ್ಕೆ ತನ್ನಿ. ತೋಳು ಮತ್ತೆ ಹಿಡಿದುಕೊಳ್ಳುತ್ತದೆ.

ಜಾರುವ ಬಾಗಿಲಿನ ಲಾಕ್ ಕೊಕ್ಕೆ ತಾಗದಿದ್ದರೆ ಹಳಿ ಗುಡಿಸಿ, ಕದದ ಕೆಳತುದಿಯ ತೂತಿನಲ್ಲಿರುವ ಚಕ್ರದ ಸ್ಕ್ರೂ ತಿರುಗಿಸಿ ಕದ ಏರಿಸಿ. ಹೆಚ್ಚಿನವು ಅಲ್ಲಿಗೇ ಸರಿಹೋಗುತ್ತವೆ.

ಎಣ್ಣೆ ಎಲ್ಲಿ, ಎಲ್ಲಿ ಬೇಡ

ಕೊಕ್ಕೆ, ಗುಬ್ಬಿ, ತೋಳಿನ ಕೀಲುಗಳಿಗೆ ತೆಳು ಯಂತ್ರದೆಣ್ಣೆ ವರ್ಷಕ್ಕೊಮ್ಮೆ. ಸಿಲಿಂಡರಿಗೆ ಎಣ್ಣೆ ಬೇಡ, ಧೂಳು ಅಂಟಿ ಗಟ್ಟಿಯಾಗುತ್ತದೆ. ಅಲ್ಲಿ ಗ್ರಾಫೈಟ್ ಪುಡಿ ಅಥವಾ ಒಣ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ. ರಬ್ಬರ್ ಪಟ್ಟಿಗೆ ಸಿಲಿಕೋನ್. ಕಿಟಕಿ ಹಿಂಜ್‌ನ ಜಾರುವ ಕಟ್ಟಿಗೆ ಏನೂ ಹಚ್ಚಬೇಡಿ. ಅದು ಘರ್ಷಣೆಯಿಂದಲೇ ಕಿಟಕಿಯನ್ನು ನಿಲ್ಲಿಸುತ್ತದೆ.

ಮುಚ್ಚಿಕೊಂಡು ತೆರೆಯದಿದ್ದರೆ

ಗೇರ್‌ಬಾಕ್ಸ್ ಮುರಿಯುವುದು ಸಾಮಾನ್ಯವಾಗಿ ಬಾಗಿಲು ಮುಚ್ಚಿ ಲಾಕ್ ಮಾಡಿದಾಗಲೇ. ಆಗ ಹ್ಯಾಂಡಲ್ ಮೇಲೆ ನೇತಾಡಿ ಬಲ ಹಾಕಬೇಡಿ. ಅರ್ಧ ಮುರಿದದ್ದು ಪೂರ್ತಿ ಮುರಿಯುತ್ತದೆ. ಕೀಯನ್ನು ಲಾಕ್ ತೆರೆಯುವ ಕಡೆಗೆ ತಿರುಗಿಸಿ ಇಡಿ. ಒಬ್ಬರು ಕದವನ್ನು ಚೌಕಟ್ಟಿನ ಕಡೆಗೆ ಒತ್ತಿ, ಸ್ವಲ್ಪ ಮೇಲಕ್ಕೆತ್ತಿ ಹಿಡಿಯಲಿ. ಇನ್ನೊಬ್ಬರು ಹ್ಯಾಂಡಲನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಲಿ. ರಬ್ಬರಿನ ಒತ್ತಡ ಕೊಕ್ಕೆಯಿಂದ ತೆಗೆದರೆ ಎಷ್ಟೋ ಸಲ ಬಿಡುತ್ತದೆ. ಬಿಡದಿದ್ದರೆ ಒಳಗಿನಿಂದ ಹ್ಯಾಂಡಲ್ ಬಿಚ್ಚಿ, ಚೌಕ ಸರಳನ್ನು ಇಕ್ಕಳದಲ್ಲಿ ಹಿಡಿದು ಅದೇ ಪ್ರಯತ್ನ ಮಾಡಿ. ಹ್ಯಾಂಡಲ್ ಸವೆದಿದ್ದರೆ ಇಲ್ಲೇ ತೆರೆದುಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಲಾಕ್ ಕೆಲಸ ಬಲ್ಲವರನ್ನು ಕರೆಸಿ. ಮೀಟುಗೋಲು ಹಾಕಿದರೆ ಚೌಕಟ್ಟು ಸೀಳುತ್ತದೆ, ಚೌಕಟ್ಟಿಗೆ ಬಿಡಿಭಾಗ ಸಿಗುವುದಿಲ್ಲ.

ತೆರೆದ ಮೇಲೆ ಹೊಸ ಗೇರ್‌ಬಾಕ್ಸ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಬಾಗಿಲು ಹಾಕುವ ಆತುರ ಬೇಡ. ಕದ ತೆರೆದೇ ಇಟ್ಟು ಹತ್ತು ಸಲ ಹ್ಯಾಂಡಲ್ ಎತ್ತಿ, ಕೀ ತಿರುಗಿಸಿ, ಮತ್ತೆ ವಾಪಸ್ ತಿರುಗಿಸಿ. ಆಮೇಲೆ ಕದ ಮುಚ್ಚಿ, ಕೀ ಮುಟ್ಟದೆ ಹ್ಯಾಂಡಲ್ ಮಾತ್ರ ಎತ್ತಿ ನೋಡಿ. ಎರಡು ಬೆರಳಲ್ಲಿ ಎತ್ತಲು ಬಂದರೆ ಕೀ ತಿರುಗಿಸಿ. ಬರದಿದ್ದರೆ ಹ್ಯಾಂಡಲ್ ಇಳಿಸಿ ಬಾಗಿಲು ತೆರೆದು, ಟೇಪ್ ಹಿಡಿದು ಮತ್ತೆ ಕರ್ಣ ಅಳೆಯಿರಿ.